ಚಿತ್ರದ ಬೆನ್ನಿಗಿದ್ದ ಕಾಗದ

"ಇನ್ನು ನನ್ನ ದಾರಿ ಕಾಯಬೇಡ."

ಸಂಗನಬಸವ ಆ ಸಾಲನ್ನು ಎರಡನೇ ಸಲ ಓದಿದ. ಕನ್ನಡಕ ತೆಗೆದು ಖಾಕಿ ಅಂಗಿಯ ತುದಿಗೆ ಒರೆಸಿ, ಮತ್ತೆ ಏರಿಸಿಕೊಂಡು ಮೂರನೇ ಸಲ ಓದಿದ. ಅಕ್ಷರ ಬೇರೆ, ಪೆನ್ನು ಬೇರೆ, ಬರೆದ ಕೈ ಬೇರೆ. ಸಾಲು ಮಾತ್ರ ಅದೇ.



ಗೋಡೆಯಿಂದ ಇಳಿಸಿದ ಚಿತ್ರ ಅವನ ಕೈಯಲ್ಲಿ ಬೋರಲಾಗಿತ್ತು. ಮುಂಭಾಗದಲ್ಲಿ ಯಾವುದೋ ಬಸ್ ಸ್ಟ್ಯಾಂಡಿನ ಖಾಲಿ ಕಟ್ಟೆ, ಬೆನ್ನಿಗೆ ಮೈದಾ ಅಂಟಿನಿಂದ ಹಚ್ಚಿದ ಈ ಗೆರೆ ಹಾಳೆ. ಅವನು ಮಸ್ಕಿಗೆ ಬಂದದ್ದು ಸತ್ತವನ ಕೈಬರಹದ ಒಂದು ಮಾದರಿ ಒಯ್ಯಲು. ಹತ್ತು ನಿಮಿಷದ ಕೆಲಸ. ಮೇಡಂ ಬೀರುವಿನ ಕೀಲಿ ಹುಡುಕುವಷ್ಟರಲ್ಲಿ ಹೊತ್ತು ಹೋಗದೆ ಗೋಡೆಯ ಚಿತ್ರವೊಂದನ್ನು ತಿರುವಿ ನೋಡಿದ್ದ. ಮೂವತ್ತಾರು ವರ್ಷ ಪೊಲೀಸ್ ಚಾಕರಿ ಮಾಡಿದ ಕೈ, ಸುಮ್ಮನಿದ್ದೀತೇ?

"ಮೇಡಂರ, ಇದು ಯಾರು ಬರದದ್ದು?"

ಹುಸ್ನಾ ಬೀರುವಿನ ಹಿಂದಿನಿಂದ ಇಣುಕಿದಳು. ಈ ಕಲಾಶಾಲೆಯಲ್ಲಿ ಕವಿತೆಯ ಪಾಠ ಹೇಳುವವಳು. ಮಧ್ಯಾಹ್ನದವರೆಗೆ ಇಲ್ಲಿ, ಮಧ್ಯಾಹ್ನದ ಮೇಲೆ ಬಜಾರಿನಲ್ಲಿ ತನ್ನ ಹೊಲಿಗೆ ಅಂಗಡಿಯಲ್ಲಿ.

"ಯಾವುದೋ ಹುಡುಗಂದು ಇರಬೇಕ್ರಿ. ಹೆಸರು ಬರಿಯಂಗಿಲ್ಲ ನಾವು."

ಸಂಗನಬಸವ ಪಕ್ಕದ ಚಿತ್ರ ಇಳಿಸಿದ. ಬೆನ್ನು ತಿರುವಿದ. "ಇನ್ನು ನನ್ನ ದಾರಿ ಕಾಯಬೇಡ." ಅದರ ಪಕ್ಕದ್ದು. ಅದೇ. ಅದರ ಪಕ್ಕದ್ದು. ಅದೇ.

ಭಾನುವಾರ ವಳಕಮದಿನ್ನಿಯ ಹತ್ತಿರ ಕಾಲುವೆಯಲ್ಲಿ ಶನಿವಾರದಿಂದ ಕಾಣೆಯಾಗಿದ್ದ ಈ ಶಾಲೆಯ ಕಥೆ ಮಾಸ್ತರ ಸಿದ್ದಲಿಂಗೇಶನ ಹೆಣ ಸಿಕ್ಕಾಗ, ದಂಡೆಯ ಮೇಲಿದ್ದ ಸ್ಕೂಟಿಯ ಡಿಕ್ಕಿಯಿಂದ ಇದೇ ಸಾಲಿನಿಂದ ಶುರುವಾಗುವ ಕಾಗದ ತೆಗೆದವನು, ಆತ್ಮಹತ್ಯೆ ಎಂದು ಪಂಚನಾಮೆಯಲ್ಲಿ ಬರೆದವನು ಎಎಸ್‌ಐ ಸಂಗನಬಸವನೇ. ಆ ಒಂದು ಕಾಗದ ಹಿಡಿದುಕೊಂಡು ಗುರುಗುಂಟಾದಿಂದ ಸತ್ತವನ ಅಣ್ಣಂದಿರು ಬಂದಿದ್ದರು. ಹೆಂಡತಿ ಅಶ್ವಿನಿಯೇ ನಮ್ಮ ತಮ್ಮನನ್ನು ಸಾಯಿಸಿದಳು, ಆತ್ಮಹತ್ಯೆಗೆ ಪ್ರಚೋದನೆಯ ಕೇಸು ಹಾಕಿ ಎಂದು ಠಾಣೆಯ ಮುಂದೆ ಕುಳಿತಿದ್ದರು. ಇವತ್ತು ಸಂಜೆ ಐದಕ್ಕೆ ಅವಳ ಬಂಧನ. ಇಪ್ಪತ್ತೈದು ವರ್ಷದ ಹುಡುಗಿ, ಎರಡು ವರ್ಷದ ಕೂಸು ಕಂಕುಳಲ್ಲಿ.

"ಇದೇನ್ರಿ ಇದು?" ಅವನ ದನಿ ಏರಿತು. "ಸಾಲಿ ಹುಡುಗರೆಲ್ಲಾ ಸಾಯಾಕ ಹೊಂಟಿದ್ರೇನು?"

ಹುಸ್ನಾ ಗಾಬರಿಯಾದಳು. "ಅಯ್ಯ, ಪಾಠ್ರೀ ಅದು! ಗುರುವಾರ ಲಿಂಗೇಶ ಸರ್ ಕೊಟ್ಟ ಪಾಠ. ಮೊದಲಿನ ಸಾಲು ಅವರು ಕೊಡತಿದ್ರು, ಮುಂದಿಂದು ಎಲ್ಲಾರೂ ಬರೀಬೇಕು. ಅವರೂ ಹುಡುಗರ ನಡುವ ಕುಂತು ಬರೀತಿದ್ರು. ಇಲ್ಲಿ ಹಂಗ ಐತ್ರಿ, ಮಾಸ್ತರ ತಾನು ಮಾಡಲಾರದ್ದು ಹುಡುಗರಿಗೆ ಹೇಳಂಗಿಲ್ಲ."

ಸಂಗನಬಸವ ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕುಕ್ಕರಿಸಿದ. ಹಿಂದೆ ಹತ್ತಿ ಜಿನ್ ಆಗಿದ್ದ ಶೆಡ್ಡು ಅದು. ಹದಿನಾಲ್ಕು ಹುಡುಗ ಹುಡುಗಿಯರು, ನಾಲ್ಕು ಮಂದಿ ಮಾಸ್ತರರು, ಒಂದು ವರ್ಷದ ಕಲಿಕೆ. ಮೊದಲ ದಿನ ಬಂದಾಗ ಅವನು ಮೂಗು ಮುರಿದಿದ್ದ. ಕಥೆ ಬರೆಯುವುದನ್ನೂ ಯಾರಾದರೂ ಕಲಿಸುತ್ತಾರಾ, ಕಲಿತು ಉಣ್ಣುವುದೇನು ಎಂದು ಪೇದೆಯ ಮುಂದೆ ನಕ್ಕಿದ್ದ. ಈಗ ನಗು ಬರಲಿಲ್ಲ. ಆ ಮೊದಲ ದಿನವೇ ಇಲ್ಲಿ ಒಬ್ಬರಿಗಾದರೂ ಆ ಕಾಗದ ತೋರಿಸಿದ್ದರೆ ಸಾಕಿತ್ತು. ತೋರಿಸಿರಲಿಲ್ಲ. ಓದಿದ ಕೂಡಲೇ ಎಲ್ಲ ತಿಳಿದುಬಿಟ್ಟಿತು ಎಂದುಕೊಂಡಿದ್ದ.

"ಆಮ್ಯಾಲ? ಹಾಳಿ ಚಿತ್ರದ ಬೆನ್ನಿಗೆ ಹೆಂಗ ಬಂದ್ವು?"

"ಗುರುವಾರ ಬರದ ಹಾಳಿ ಎಲ್ಲಾ ಡಬ್ಬಿಗೆ ಹಾಕತೀವಿ. ಶುಕ್ರವಾರ ಪಾಷಾ ಸರ್ ಚಿತ್ರದ ಕ್ಲಾಸಿನ್ಯಾಗ ಒಬ್ಬೊಬ್ರು ಒಂದೊಂದು ಎತ್ತಬೇಕು. ಯಾರು ಬರದದ್ದು ಅಂತ ತಿಳಿಯಬಾರದು. ಅದನ್ನ ಓದಿ ಚಿತ್ರಾ ಬಿಡಿಸಿ, ಬೆನ್ನಿಗೆ ಹಾಳಿ ಹಚ್ಚೋದು. ಶನಿವಾರ ಮನಿ ಮಂದಿ ಬಂದು ನೋಡತಾರ."

ಸಂಗನಬಸವ ಜೇಬಿನಿಂದ ಝೆರಾಕ್ಸ್ ತೆಗೆದ. ಅಸಲು ಕಾಗದ ಲ್ಯಾಬಿಗೆ ಹೋಗಿತ್ತು. ಮಡಿಕೆ ಬಿಚ್ಚಿ ಹುಸ್ನಾಳ ಕೈಗೆ ಕೊಟ್ಟ. ಅವಳು ತುಟಿ ಅಲ್ಲಾಡಿಸುತ್ತ ಓದಿದಳು.

"ಇನ್ನು ನನ್ನ ದಾರಿ ಕಾಯಬೇಡ. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ನಾನು ಒಳಗೆ ಬಂದರೂ ಹೊರಗೆ ಹೋದರೂ ನೀನು ತಲೆ ಎತ್ತುವುದಿಲ್ಲ. ಮೂರು ವರ್ಷ ನಿನ್ನ ಒಂದು ಮಾತಿಗೆ ಕಾದೆ. ಇನ್ನು ನನ್ನಿಂದ ಆಗುವುದಿಲ್ಲ. ಮಗುವನ್ನು ಚೆನ್ನಾಗಿ ನೋಡಿಕೋ."

ಹುಸ್ನಾ ಝೆರಾಕ್ಸನ್ನು ಅವನ ಕಡೆ ವಾಪಸ್ ಚಾಚಿದಳು. "ಇದನ್ನ ಇಟಗೊಂಡು ನೀವು ಅಶ್ವಿನಿನ್ನ ಹಿಡೀತೀರೇನು? ಯಾ ಅಲ್ಲಾ! ಸರ್, ಆ ದಿನದ ಪಾಠ ಪೂರಾ ಕೇಳ್ರಿ. ತನ್ನ ಬಾಯಿಂದ ಬರಿಯಂಗಿಲ್ಲ. ನಿಮ್ಮ ಮನ್ಯಾಗ ನಿಮ್ಮಿಂದ ನೊಂದವರು ಯಾರದಾರ? ಅವರು ಮನಿ ಬಿಟ್ಟು ಹೋಗಾಕತ್ತಾರ. ಹೋಗುವಾಗ ನಿಮಗ ಏನು ಬರದಿಟ್ಟು ಹೋಗತಾರ? ಅದನ್ನ ಬರೀಬೇಕು."

ಶೆಡ್ಡಿನ ತಗಡಿನ ಮೇಲೆ ಪಾರಿವಾಳಗಳು ಓಡಾಡುವ ಸದ್ದು. ಸಂಗನಬಸವನಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಅಂದ್ರ ಇದು ಅವನ ಮಾತಲ್ಲ."

"ಅಶ್ವಿನಿ ಮಾತು. ಲಿಂಗೇಶ ಸರ್ ತಮ್ಮ ಹೆಣ್ತಿ ಆಗಿ ತಮಗs ಬರಕೊಂಡಾರ."

ಮಾತು ಬಾರದ ಮನುಷ್ಯ ಎಂದು ಎಲ್ಲರೂ ಹೇಳಿದ್ದರು. ಕಾಗದದ ಮೇಲೆ ಊರಿಗೆಲ್ಲ ಮಾತಾಡುತ್ತಿದ್ದ, ಮನೆಯಲ್ಲಿ ಹೂಂ ಉಹೂಂ ಬಿಟ್ಟರೆ ಇಲ್ಲ. ಹೆಂಡತಿ ಒಳಗೊಳಗೇ ಬೇಯುವುದು ಅವನಿಗೆ ಗೊತ್ತಿತ್ತು ಹಾಗಾದರೆ. ಗೊತ್ತಿದ್ದೂ ಪಾಠಕ್ಕೆ ಬಳಸಿಕೊಂಡ, ಅವಳಿಗೆ ಒಂದು ಮಾತು ಹೇಳಲಿಲ್ಲ. ಸಂಗನಬಸವನಿಗೆ ಸತ್ತವನ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆ ಅದಕ್ಕಿಂತ ಹೆಚ್ಚಿನ ಸಿಟ್ಟು ಬಂತು.

"ಯಾರು ಬರದ್ರೂ ಒಳಗಿದ್ದದ್ದs ಹೊರಗ ಬರತೈತ್ರಿ, ಸಾಹೇಬ್ರ."

ಬಾಗಿಲಲ್ಲಿ ಕರಿಬಸಯ್ಯ ನಿಂತಿದ್ದರು. ಶಾಲೆ ಕಟ್ಟಿದವರು, ನಾಟಕ ಬರೆದು ಆಡಿಸುವವರು. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ತೋಳು, ಹಣೆ ತುಂಬ ವಿಭೂತಿ, ಮಾತಿನಲ್ಲಿ ಬೆಣ್ಣೆ. "ಪಾಠ ಅಂತ ಬರದಿರಬಹುದು. ಆದ್ರ ಲಿಂಗೇಶ ಭಾಳ ನೊಂದಿದ್ದ. ಮೊದಲಿನ ದಿನಾನೂ ನಿಮಗ ಹೇಳೀನಿ. ಅದನ್ನs ತನ್ನ ಕಡೀ ಮಾತು ಅಂತ ಕಿಸೆದಾಗ ಇಟಗೊಂಡು ಹೋದ. ಪಾಪ, ಆ ಹುಡುಗಿದೇನೂ ತಪ್ಪಿಲ್ಲ ಅಂತ ನಾನೂ ಹೇಳತೀನಿ."

"ಶನಿವಾರ ನೀವು ಇಲ್ಲಿದ್ರೇನ್ರಿ ಅಯ್ಯನೋರ?"

"ಲಿಂಗಸೂಗೂರಿಗೆ ಹೋಗಿದ್ದೆ. ವಾರ್ಷಿಕೋತ್ಸವಕ್ಕ ನಾಟಕದ ಹಾಲ್ ಗೊತ್ತು ಮಾಡಾಕ."

ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಸಂಗನಬಸವನಿಗೆ ಪಂಚನಾಮೆಯ ಇನ್ನೊಂದು ಸಾಲು ತಲೆಗೆ ಹೊಕ್ಕಿತ್ತು. ತಾನೇ ಬರೆದದ್ದು. ಹಾಳೆಯ ಹಿಂಬದಿ ನಾಲ್ಕೂ ಮೂಲೆಗೆ ಒಣಗಿದ ಬಿಳಿ ಪದರ. ಅನ್ನದ ಅಗುಳು ಹತ್ತಿರಬೇಕೆಂದು ಆವತ್ತು ಉಗುರಿನಿಂದ ಕೆರೆದು ಬಿಟ್ಟಿದ್ದ.

ಅದು ಅನ್ನವಲ್ಲ. ಮೈದಾ.

ಕಾಗದ ಸತ್ತವನ ಕಿಸೆಯಲ್ಲಿ ಇರಲೇ ಇಲ್ಲ. ಶುಕ್ರವಾರ ಅದು ಯಾವುದೋ ಚಿತ್ರದ ಬೆನ್ನಿಗೆ ಹತ್ತಿತ್ತು.

"ಎಲ್ಲಾ ಚಿತ್ರಾ ಇಳಸ್ರಿ ಮೇಡಂರ," ಎಂದ.

ಬರೆದವರು ಹದಿನೈದು ಮಂದಿ, ಹುಡುಗರು ಹದಿನಾಲ್ಕು ಮತ್ತು ಸಿದ್ದಲಿಂಗೇಶ. ಚಿತ್ರ ಬಿಡಿಸಿದವರೂ ಹದಿನೈದು, ಹುಡುಗರು ಮತ್ತು ಚಾಂದ್‌ಪಾಷಾ. ಒಂದೊಂದೇ ತಿರುವಿ ನೆಲದ ಮೇಲೆ ಹಾಸಿದರು. ಹದಿನಾಲ್ಕಕ್ಕೆ ಹಾಳೆ ಇತ್ತು. ಹದಿನೈದನೆಯದರ ಬೆನ್ನು ಬೋಳು, ನಾಲ್ಕು ಮೂಲೆಗೆ ಅಂಟಿನ ಗುರುತು ಮಾತ್ರ.

ಮುಂದೆ ತಿರುವಿದ. ಅಡಿಗೆಮನೆಯ ಮೂಲೆ. ನೆಲದ ಮೇಲೆ ಒಂದು ಊಟದ ತಾಟು, ಅದರ ಮೇಲೆ ಇನ್ನೊಂದು ತಾಟು ಮುಚ್ಚಿದ್ದು. ಮನುಷ್ಯರು ಯಾರೂ ಇಲ್ಲ. ಮೂಲೆಯಲ್ಲಿ ಸಹಿ: ಚಾಂದ್‌ಪಾಷಾ.

ಸಂಗನಬಸವ ಅಂಟಿನ ಗುರುತಿನ ಮೇಲೆ ಬೆರಳಾಡಿಸಿದ. ಒಂದು ಎಳೆ ಹರಿದಿಲ್ಲ. ಒದ್ದೆ ಬಟ್ಟೆ ಇಟ್ಟು, ಮೆತ್ತಗಾಗುವ ತನಕ ಕಾದು, ನಾಜೂಕಾಗಿ ಬಿಡಿಸಿದ ಕೆಲಸ. ಅವಸರದ ಕಳ್ಳನಿಗೆ ಅಷ್ಟು ತಾಳ್ಮೆ ಎಲ್ಲಿಯದು?

"ಪಾಷಾ ಎಲ್ಲದಾನ?"

ಹುಸ್ನಾ ಆ ಚಿತ್ರವನ್ನೇ ನೋಡುತ್ತ ಅಂದಳು. "ಸಿಂಧನೂರಾಗ. ಗ್ವಾಡಿ ಬರಿಯಾಕತ್ತಾನ."

*

ಬೈಕ್ ಹತ್ತುವ ಮೊದಲು ಅವನು ಲಿಂಗಸೂಗೂರಿನ ಕೋರ್ಟಿನಲ್ಲಿದ್ದ ಸಿಪಿಐ ಸಾಹೇಬರಿಗೆ ಫೋನು ಮಾಡಿದ. ಉಸಿರು ಬಿಡದೆ ಎಲ್ಲ ಹೇಳಿದ. ಅದು ಸಾಯುವವನ ಕಾಗದವಲ್ಲ ಸರ್, ಶಾಲೆಯ ಪಾಠ. ತಪ್ಪು ನನ್ನದು. ಹುಡುಗಿಯನ್ನು ಹಿಡಿಯುವುದು ಬೇಡ.



"ಭೇಷ್! ನಾಕ ದಿನಾ ಆದ ಮ್ಯಾಲ ತಪ್ಪು ಅಂತ ಹೇಳಾಕತ್ತೀರಿ," ಸಾಹೇಬರ ದನಿ ತಣ್ಣಗಿತ್ತು. "ಸರಿ. ಹಂಗಾದ್ರ ಚಿತ್ರದ ಬೆನ್ನಿಗಿದ್ದ ಕಾಗದ ಸ್ಕೂಟಿ ಡಿಕ್ಕಿಗೆ ಹೆಂಗ ಬಂತು? ತಾನs ನಡಕೋತ ಹೋತೇನು? ಯಾರೋ ಕಿತ್ತಾರ, ಒಯ್ದು ಇಟ್ಟಾರ. ಆತ್ಮಹತ್ಯೆ ಅಂತ ಕಾಣಲಿ ಅಂತ ಇಟ್ಟಾರ. ಇದು ಕೊಲೆ, ಸಂಗನಬಸವ. ಆ ಕಾಗದ ಕಿತ್ತು ಒಯ್ದವರs ಕೊಂದಾರ. ಐದಕ್ಕ ಬರತೀನಿ. ಹೆಸರು ತಯಾರಿರಲಿ."

"ಹೆಸರು ಸಿಕ್ರ ಅಶ್ವಿನಿನ್ನ ಬಿಡಬಹುದಲ್ರೀ ಸರ್?"

"ಹೆಸರು ಸಿಕ್ರ ಆಕಿ ಸೀದಾ ಮನಿಗೆ ಹೋಗಲಿ."

ಸಂಗನಬಸವನಿಗೆ ಹೆಗಲ ಮೇಲಿನ ಕಲ್ಲು ಇಳಿಸಿದಷ್ಟು ಹಗುರಾಯಿತು. ಸಿಂಧನೂರು ಠಾಣೆಗೆ ಫೋನು ಹಚ್ಚಿ, ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದ ಅಶ್ವಿನಿಯ ಕೈಗೆ ಕೊಡಿಸಿದ.

"ತಂಗಿ, ಧೈರ್ಯದಿಂದ ಇರು. ಆ ಕಾಗದ ಖರೇದಲ್ಲ ಅಂತ ಗೊತ್ತಾಗೇತಿ. ಯಾರು ಒಯ್ದು ಇಟ್ಟಾರ ಅಂತ ಸಂಜೀ ಒಳಗ ಹಿಡೀತೀನಿ. ನೀ ಮನಿಗೆ ಹೋಗತಿ. ಇದು ನನ್ನ ಮಾತು."

ಅವಳು ಅಳುತ್ತಾಳೆ, ಇಲ್ಲ ಕೈಮುಗಿಯುತ್ತಾಳೆ ಎಂದುಕೊಂಡಿದ್ದ. ಅವಳು ಅಂದದ್ದು ಇಷ್ಟೇ:

"ಕಾಕಾ, ಆ ಕಾಗದ ಈಗ ಎಲ್ಲೈತ್ರಿ?"

"ಲ್ಯಾಬಿಗೆ ಹೋಗೇತವಾ."

"ವಾಪಸ್ ಕೊಡತಾರೇನ್ರಿ?"

ಗಂಡನ ಕೊನೆಯ ಅಕ್ಷರ, ಬೇಕೆನ್ನಿಸುವುದು ಸಹಜ ಎಂದುಕೊಂಡು ಸಂಗನಬಸವ ಬೈಕಿಗೆ ಕಿಕ್ ಹೊಡೆದ.

*

ಹಳೇ ಬಜಾರಿನ ತಿರುವಿನ ಗೋಡೆಗೆ ಚಾಂದ್‌ಪಾಷಾ ಏಣಿ ಹಾಕಿದ್ದ. ಸಿಂಧನೂರಿನಲ್ಲಿ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯವೇ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದ. ಈಗ ಶಾಲೆಯ ವಾರ್ಷಿಕೋತ್ಸವದ ಜಾಹೀರಾತನ್ನೇ ಬರೆಯುತ್ತಿದ್ದ. ಕೆಂಪು ದೊಡ್ಡಕ್ಷರದಲ್ಲಿ ನಾಟಕದ ಹೆಸರು. ಅದರ ಕೆಳಗೆ "ರಚನೆ" ಎಂಬಲ್ಲಿ ಹಸಿ ಸುಣ್ಣ ಬಳಿದಿದ್ದ, ಅದರ ಮೇಲೆ "ಕರಿಬಸ" ತನಕ ಬಂದಿದ್ದ. ಸುಣ್ಣದ ಅಡಿಯಲ್ಲಿ ಹಳೆಯ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಸಿದ್ದಲಿಂಗೇಶ.

"ಹೆಸರು ಯಾಕ ಅಳಸಿದಿ?"

ಪಾಷಾ ಬೆಚ್ಚಿ ತಿರುಗಿದ. "ಸಲಾಂ ಸಾಹೇಬ್ರ. ಅಯ್ಯನೋರು ಹೇಳ್ಯಾರ. ಸತ್ತವನ ಹೆಸರು ಉತ್ಸವಕ್ಕ ಬ್ಯಾಡ ಅಂತ."

"ನಾಟಕ ಬರದಾಂವ ಯಾರು?"

"ಲಿಂಗೇಶ ಬರದದ್ದು. ಅಯ್ಯನೋರು ತಿದ್ದ್ಯಾರ. ತಿದ್ದಿದವರ ಹೆಸರಾ, ಬರದವನ ಹೆಸರಾ ಅಂತ ಇಬ್ರಿಗೂ ತಿಂಗಳಿಂದ ತಕರಾರು ಇತ್ತು. ನನಗ್ಯಾಕ್ರಿ ಅದು, ನಾ ಬರಿಯಾಂವ."

"ತೆಳಗ ಇಳಿ."

ಪಾಷಾ ಇಳಿದ. ಕೈಯ ಬ್ರಷ್ಷಿನಿಂದ ಕೆಂಪು ಬಣ್ಣ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಅವನಿಗೆ ಗಮನವಿರಲಿಲ್ಲ.

"ನಿನ್ನ ಚಿತ್ರದ ಬೆನ್ನಿಗೆ ಹಾಳಿ ಇಲ್ಲ."

"ಬಿದ್ದಿರಬೇಕ್ರಿ. ಇಲ್ಲಾಂದ್ರ ಹುಡುಗರು ಯಾರೋ ಕಿತ್ತಿರಬೇಕು."

"ಹುಡುಗರು ಕಿತ್ತರ ಹರೀತಿತ್ತು. ಇದನ್ನ ಒದ್ದಿ ಅರಿವಿ ಇಟ್ಟು ತಗದಾರ. ಆ ಕೆಲಸ ಬರೋರು ನಿಮ್ಮ ಸಾಲ್ಯಾಗ ಎಷ್ಟು ಮಂದಿ ಅದಾರ?"

"ಕೆಲಸ ಬಂದ ಕೂಡ್ಲೇ ಮಾಡೀನಿ ಅಂತೇನ್ರಿ?" ಪಾಷಾ ಬಿರುಸಾದ. "ಬಡವ ಸಿಕ್ಕಾನ ಅಂತ ಹಾಕಾಕತ್ತೀರೇನು? ಲಿಂಗೇಶ ನನ್ನ ದೋಸ್ತ! ಒಂದs ತಾಟಿನ್ಯಾಗ ಉಂಡೀವಿ!"

"ಆ ಹಾಳಿ ಅವನ ಗಾಡ್ಯಾಗ ಸಿಕ್ಕೇತಿ. ನಾಕ ದಿನದಿಂದ ಊರಾಗ ಎಲ್ಲಾರೂ ಡೆತ್‌ನೋಟ್ ಅಂತ ಮಾತಾಡಾಕತ್ತಾರಲ್ಲ, ಅದು ಅದs."

ಸಂಗನಬಸವ ಝೆರಾಕ್ಸನ್ನು ಅವನ ಮುಖದ ಮುಂದೆ ಹಿಡಿದ.

ಪಾಷಾ ಓದಲಿಲ್ಲ, ಅಕ್ಷರ ನೋಡಿದ ಅಷ್ಟೇ. ಅಕ್ಷರದ ಮನುಷ್ಯ, ಯಾರ ಕೈ ಎಂದು ದೂರದಿಂದಲೇ ಹೇಳಬಲ್ಲ. ಬ್ರಷ್ಷು ಕೈಯಿಂದ ಜಾರಿತು. ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದ. ಹಸಿ ಸುಣ್ಣವೆಲ್ಲ ಅವನ ಬೆನ್ನಿಗೆ ಹತ್ತಿತು.

"ಇದs? ಇದs ಸಿಕ್ಕಿದ್ದಾ? ನಾವು ಬ್ಯಾರೆ ಏನೋ ಬರದಿಟ್ಟಿದ್ದ ಅಂತ ತಿಳಕೊಂಡಿದ್ವಿ. ಯಾರೂ ನಮಗ ತೋರಸಲಿಲ್ಲ ಸಾಹೇಬ್ರ, ಯಾರೂ ಕೇಳಲಿಲ್ಲ!"

ಆ ಮಾತು ಸಂಗನಬಸವನಿಗೆ ನಾಟಿತು. ಕೇಳಬೇಕಾದವನು ತಾನೇ.

"ಈಗ ಕೇಳಾಕತ್ತೀನಿ. ನೀ ತಗದೇನು?"

"ಹೌದ್ರಿ. ನಾನs ತಗದೆ."

"ಯಾಕ?"

"ಕೇಳಿದ್ರು, ಕೊಟ್ಟೆ." ಪಾಷಾ ಕಣ್ಣೊರೆಸಿಕೊಂಡ. "ಶನಿವಾರ ಹನ್ನೆರಡರ ಸುಮಾರು ಬಂದಿದ್ರು. ಸುಮ್ಮ ಎಲ್ಲಾ ಚಿತ್ರಾ ನೋಡಿಕೋತ ಬಂದ್ರು. ನನ್ನ ಚಿತ್ರದ ಮುಂದ ಬಂದು ನಿಂತೇ ಬಿಟ್ರು. ಆ ಮುಚ್ಚಿಟ್ಟ ತಾಟು ನೋಡಿದ್ರು. ತಿರುವಿ ಬೆನ್ನಿಗಿದ್ದದ್ದು ಓದಿದ್ರು. ಎಷ್ಟೋ ಹೊತ್ತು ಓದಿದ್ರು. ಆಮ್ಯಾಲ ನನ್ನ ಕಡೆ ನೋಡಿ, ಪಾಷಾ ಅಣ್ಣಾ, ಈ ಹಾಳಿ ನನಗ ಕೊಡು, ಇದು ನಂದು ಅಂದ್ರು. ಗಂಡನ ಅಕ್ಷರ, ಇಟಗೊಳ್ಳಲಿ ಅಂತ ನಾನs ತೊಯ್ಸಿ ಬಿಡಿಸಿ ಕೊಟ್ಟೆ."

ಗಂಡನ ಅಕ್ಷರ.

ಸಂಗನಬಸವನಿಗೆ ಹೆಸರು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದ, ಬೇರೆ ಹೆಸರು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಕೇಳಿದ.

"ಯಾರು?"

"ಅಶ್ವಿನಿ ವೈನಿ."

ರಸ್ತೆಯಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಹಾರನ್ ಹೊಡೆಯುತ್ತ ಹೋಯಿತು. ಕಾಗದ ಕಿತ್ತು ಒಯ್ದವರೇ ಕೊಂದವರು ಎಂದಿದ್ದರು ಸಾಹೇಬರು. ಆ ಮಾತು ಅವರ ಬಾಯಿಗೆ ಹಾಕಿಕೊಟ್ಟವನು ಯಾರು? ಬೆಳಿಗ್ಗೆ ತನಕ ಅವಳ ಮೇಲೆ ಪ್ರಚೋದನೆಯ ಕೇಸಿತ್ತು. ತಾನು ಬುದ್ಧಿವಂತಿಕೆ ಮಾಡಿ ಅದನ್ನು ಕೊಲೆಯ ಕೇಸು ಮಾಡಿದ್ದ. ಥೂ ನಿನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡ.

"ಅವಳು ಹೆಂಗ ಹೋದ್ಲು?"

"ಲಿಂಗೇಶನ ಸ್ಕೂಟಿ ಮ್ಯಾಲ. ಕೀಲಿ ಅವನ ಕಡಿಂದ ಇಸಕೊಂಡ್ರು. ಸಂತಿಗೆ ಹೋಗತೀನಿ ಅಂದ್ರಂತ."

"ಆಮ್ಯಾಲ ಲಿಂಗೇಶ?"

ಪಾಷಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಅದನ್ನs ಯಾರ ಮುಂದೂ ಹೇಳಾಕ ಆಗಲಿಲ್ರಿ. ಅರ್ಧ ತಾಸು ಬಿಟ್ಟು ನಾನs ನಕ್ಕೋತ ಹೇಳಿದೆ, ನಿನ್ನ ಹೆಣ್ತಿ ನಿನ್ನ ಕಾಗದ ಒಯ್ದಾಳಲೇ ಅಂತ. ಅವನ ಮುಖಾ ಸುಣ್ಣ ಬಡದಂಗ ಆತು. ಯಾವ ಕಾಗದ ಅಂದ. ಹೇಳಿದೆ. ಚಪ್ಪಲಿ ಸೈತ ಹಾಕೊಳ್ಳಲಿಲ್ಲ, ಓಡಿದ. ಹೊರಗ ಯಾವುದೋ ಮೋಟರ್‌ಸೈಕಲ್ ಚಾಲೂ ಆದ ಸಪ್ಪಳ ಕೇಳಿತು. ನಾ ಹೇಳಿರಲಿಲ್ಲ ಅಂದ್ರ ಇವತ್ತು ನನ್ನ ದೋಸ್ತ ಇರತಿದ್ದ."

"ಯಾರ ಮೋಟರ್‌ಸೈಕಲ್?"

"ಅಲ್ಲಾ ಕಸಮ್ ನೋಡಿಲ್ರಿ. ನಾ ಒಳಗಿದ್ದೆ."

ಸಂಗನಬಸವ ಗಡಿಯಾರ ನೋಡಿದ. ನಾಲ್ಕೂಕಾಲು. ಸಿದ್ದಲಿಂಗೇಶನಿಗೆ ಬೇರೆ ಗಾಡಿ ಇರಲಿಲ್ಲ. ಇದ್ದೊಂದು ಸ್ಕೂಟಿ ಅಶ್ವಿನಿಯ ಕೈಯಲ್ಲಿತ್ತು. ಮಸ್ಕಿಯಿಂದ ವಳಕಮದಿನ್ನಿಯ ಕಾಲುವೆಗೆ ಬರಿಗಾಲಲ್ಲಿ ಓಡಿ ಯಾರೂ ಮುಟ್ಟಲಾರರು. ಯಾರೋ ಅವನನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದಾರೆ. ಹೋದವರು ನಾಲ್ಕು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

*

ಠಾಣೆಯ ಹಿಂದಿನ ವರಾಂಡದಲ್ಲಿ ಅಶ್ವಿನಿ ಕೂತಿದ್ದಳು. ಕೂಸು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಪಕ್ಕದಲ್ಲಿ ಒಂದು ಚೀಲ, ಜೇಲಿಗೆಂದು ಕಟ್ಟಿಕೊಂಡು ಬಂದ ಬಟ್ಟೆ. ಕೂಸಿನ ಎರಡು ಅಂಗಿಯೂ ಅದರಲ್ಲಿದ್ದವು.

ಸಂಗನಬಸವ ಅವಳೆದುರು ನೆಲದ ಮೇಲೆಯೇ ಕುಳಿತ. ಖಾಕಿ ಹಾಕಿಕೊಂಡು ಆರೋಪಿಯ ಮುಂದೆ ನೆಲಕ್ಕೆ ಕೂತದ್ದು ಅವನ ಚಾಕರಿಯಲ್ಲಿ ಅದೇ ಮೊದಲು.

"ಪಾಷಾ ಎಲ್ಲಾ ಹೇಳ್ಯಾನವಾ."

ಅವಳು ಕೂಸಿನ ತಲೆ ಸವರುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಆ ಕಾಗದ ನೀನs ಒಯ್ದಿ. ಡಿಕ್ಕಿದಾಗ ನೀನs ಇಟ್ಟಿ. ಹೌದಿಲ್ಲೋ?"

"ಹೌದ್ರಿ ಕಾಕಾ."

"ಯಾಕ? ನಿನ್ನ ಕೊರಳಿಗೆ ಉರಲು ಆಗೋ ಕಾಗದ ಅದು!"

"ಅದು ನನ್ನ ಕಾಗದ ರೀ." ಅವಳು ಮೊದಲ ಸಲ ತಲೆಯೆತ್ತಿದಳು. "ನಾ ಏಳನೇತ್ತೆ ತನಕ ಸಾಲಿ ಕಲತಾಕಿ. ಮೂರು ವರ್ಷದಿಂದ ಹೊಟ್ಟ್ಯಾಗ ಏನಿತ್ತೋ ಅದನ್ನ ಹೇಳಾಕ ನನಗ ಬರಲಿಲ್ಲ. ಇವರು ಬರದಿದ್ರು. ಒಂದು ಅಕ್ಷರ ಬಿಡದಂಗ ಬರದಿದ್ರು. ಎಲ್ಲಾ ಗೊತ್ತಿತ್ತಲ್ರೀ ಇವರಿಗೆ! ಗೊತ್ತಿದ್ದೂ ಸುಮ್ಮ ಇದ್ರಲ್ರೀ! ಅದನ್ನ ಓದಿದ ಮ್ಯಾಲ ನನಗ ಬದುಕೋ ಆಸೆ ಹೋತು."

ಅವಳು ತೊಡೆಯಿಂದ ಜಾರುತ್ತಿದ್ದ ಕೂಸನ್ನು ಮೇಲೆಳೆದುಕೊಂಡಳು.

"ಕೂಸಿನ್ನ ಬಾಜೂ ಮನಿ ಪೀರ್‌ಬೀ ಆಯಿ ಕಡೆ ಬಿಟ್ಟೆ, ತವರಿಗೆ ಹೊಂಟೀನಿ ಅಂದೆ. ವಳಕಮದಿನ್ನಿ ನನ್ನ ತವರೂರು, ಕಾಲುವಿ ದಾರಿ ಗೊತ್ತು. ಕಾಗದ ಡಿಕ್ಕಿದಾಗ ಇಟ್ಟೆ. ನನಗ ಬರಿಯಾಕ ಬರಲಿಲ್ಲ ಅಂದ್ರೂ ಓದಿದವರಿಗೆ ತಿಳೀಲಿ ಅಂತ ಇಟ್ಟೆ. ಆಮ್ಯಾಲ ಜಿಗದೆ."

"ಏನಂದಿ?"

"ಸಾಯಾಕ ಹೋದಾಕಿ ನಾನು, ಕಾಕಾ. ಇವರಲ್ಲ."

ಹೊರಗೆ ಯಾರದೋ ವಾಹನ ನಿಂತ ಸದ್ದಾಯಿತು. ಅಶ್ವಿನಿಯ ಮಾತು ಅವಸರವಾಯಿತು.

"ಮುಳುಗಾಕತ್ತಾಗ ಇವರ ಕೂಗು ಕೇಳಿತು. ಅಶ್ವಿನಿ ಅಶ್ವಿನಿ ಅಂತ. ಮೂರು ವರ್ಷದಾಗ ಇವರು ನನ್ನ ಹೆಸರು ಹಿಡದು ಅಷ್ಟು ಜೋರ ಕರದದ್ದು ಅವತ್ತs. ಈಜು ಬರತಿರಲಿಲ್ಲ, ಆದ್ರೂ ಜಿಗದ್ರು. ನನ್ನ ದಂಡಿ ಕಡೆ ನೂಕಿದ್ರು. ದಂಡಿ ಮ್ಯಾಲ ಇನ್ನೊಬ್ರು ಇದ್ರು. ಅವರು ನನ್ನ ಜಡಿ ಹಿಡದು, ಕೈ ಹಿಡದು ಮ್ಯಾಲ ಎಳದು ಹಾಕಿದ್ರು. ಇವರೂ ಕೈ ಚಾಚಿದ್ರು ಕಾಕಾ. ದಂಡಿಗೆ ಒಂದು ಮಾರು ದೂರ ಇದ್ರು. ನಾ ಕಣ್ಣಾರೆ ನೋಡೀನಿ. ಅವರು ಕೈ ಕೊಡಲಿಲ್ಲ. ನಿಂತು ನೋಡಿದ್ರು. ನೀರು ಒಯ್ಯೋ ತನಕ ನೋಡಿದ್ರು. ಬಾಯಿ ಬಿಟ್ಟಿ ಅಂದ್ರ ಕೂಸೂ ಉಳಿಯಂಗಿಲ್ಲ ಅಂದ್ರು."

"ಯಾರು? ಹೆಸರು ಹೇಳವಾ. ಈಗ ಹೇಳು, ಈಗಿಂದೀಗ!"

ಅವಳು ಸಂಗನಬಸವನ ಹೆಗಲ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದಳು. ಕೂಸನ್ನು ಎಳೆದು ಎದೆಗೆ ಒತ್ತಿಕೊಂಡಳು, ನಿದ್ದೆಗೆಟ್ಟ ಕೂಸು ಕಿಟಾರನೆ ಕಿರುಚಿತು.

ಸಿಪಿಐ ಸಾಹೇಬರು ಒಳಗೆ ಬಂದರು. ಅವರ ಹಿಂದೆಯೇ ಕರಿಬಸಯ್ಯ, ಕೈಯಲ್ಲಿ ಮೋಟರ್‌ಸೈಕಲ್ಲಿನ ಕೀಲಿ, ಕೂಸಿಗೆಂದು ಒಂದು ಬಿಸ್ಕಿಟ್ ಪೊಟ್ಟಣ.

"ಏನ್ರಿ ಸಂಗನಬಸವ, ಕಾಗದ ಒಯ್ದವರ ಹೆಸರು ಸಿಕ್ತೇನು?"

ಸಂಗನಬಸವ ಕೂತಲ್ಲೇ ಕತ್ತು ಹೊರಳಿಸಿ ನೋಡಿದ. ಸಿಕ್ಕಿದ್ದ ಹೆಸರು ಅವನ ಮುಂದೆಯೇ ಕೂತಿತ್ತು.

"ಸಾಹೇಬರ ಕೂಡ ಈಗs ಮಾತಾಡೀನ್ರಿ," ಕರಿಬಸಯ್ಯ ಮೃದುವಾಗಿ ಅಂದರು. "ಅಶ್ವಿನಿ ನಮ್ಮ ಮನಿ ಮಗಳಿದ್ದಂಗ. ಎಲ್ಲಾ ಮುಗಿಯೋ ತನಕ ನಮ್ಮ ಮನ್ಯಾಗ ಇರಲಿ. ಜವಾಬ್ದಾರಿ ನಂದು. ನಡಿಯವಾ ತಂಗಿ, ಕೂಸಿನ್ನ ಇಲ್ಲಿ ಕೊಡು."

ಅವರು ಎರಡೂ ಕೈ ಚಾಚಿದರು.

ಅಶ್ವಿನಿ ಹಿಂದೆ ಸರಿದು ಗೋಡೆಗೆ ಅಂಟಿದಳು. ಒಂದು ಕೈ ಸಂಗನಬಸವನ ಖಾಕಿ ತೋಳನ್ನು ಗಟ್ಟಿಯಾಗಿ ಹಿಡಿದಿತ್ತು. ದನಿ ಅವನೊಬ್ಬನಿಗೇ ಕೇಳುವಷ್ಟಿತ್ತು.

"ಕಾಕಾ, ನಿಮ್ಮ ಕಾಲಿಗೆ ಬೀಳತೀನಿ. ನನ್ನ ಅವರ ಕೂಡ ಕಳಸಬ್ಯಾಡ್ರಿ. ಜೇಲಿಗೆ ಕಳಸ್ರಿ."